ಕಸದ ಗಾಡಿಯ ಹಾಡಿಗೊಂದು ಹೆಸರು

ಮದ್ದೂರಿನ ನಮ್ಮ ಬೀದಿಗೆ ಕಸದ ಗಾಡಿ ಬರುವುದು ಬೆಳಿಗ್ಗೆ ಏಳೂಕಾಲಿಗೆ. ಅವತ್ತು ಸೋಮವಾರ, ನಾನು ಕಾವಲಿಯ ಮೇಲೆ ದೋಸೆ ಹುಯ್ದು ನಿಂತಿದ್ದೆ. ಗಾಡಿ ತಿರುವಿನಲ್ಲಿ ಬಂತು. ದಿನಾ ಹಾಕುತ್ತಿದ್ದ ಸಿನಿಮಾ ಹಾಡು ಇರಲಿಲ್ಲ, ಬೇರೇನೋ ಇತ್ತು. ಅದೇನೆಂದು ಗೊತ್ತಾಗಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ, ಯಾಕೆಂದರೆ ಅದನ್ನು ಮಾಡಿದವಳು ನಾನೇ.

ಆ ಸಂಗೀತದಲ್ಲಿ ಡೋಲಿನ ಥರ ಬಡಿಯುತ್ತದಲ್ಲ, ಅದು ಡೋಲಲ್ಲ. ಹೊಟ್ಟೆಯಲ್ಲೇ ತೀರಿಹೋದ ನನ್ನ ಮಗಳ ಎದೆಬಡಿತ. ಇದನ್ನು ಬಚ್ಚಿಟ್ಟುಕೊಂಡು ಕೊನೆಯಲ್ಲಿ ಹೇಳಿ ಯಾರ ಕಣ್ಣಲ್ಲೂ ನೀರು ತರಿಸುವ ಆಸೆ ನನಗಿಲ್ಲ, ಅದಕ್ಕೇ ಮೊದಲೇ ಹೇಳಿಬಿಟ್ಟೆ. ದೋಸೆ ಸೀದುಹೋಯಿತು. ಕೆರೆದು ತೆಗೆದು ಇನ್ನೊಂದು ಹುಯ್ದೆ. ನಮ್ಮ ಮನೆಯವರು ಬಕೆಟ್ ಎತ್ತಿಕೊಂಡು ಹೊರಗೆ ಹೋಗಿ ಕಸ ಹಾಕಿ ಬಂದರು.

“ಇವತ್ತು ಅದೇನೋ ಒಸಾದು ಆಕವ್ರೆ ಕಣೆ. ಬೀಟ್ ಚೆನ್ನಾಗೈತೆ,” ಎಂದರು.

ನಾನು “ಹೂಂ” ಅಂದೆ. ಅಷ್ಟೇ. ನನಗೇನೂ ಆಗಲಿಲ್ಲ. ಏನೂ ಆಗದೆ ಇರುವುದು ಅಷ್ಟು ಹೊತ್ತಿಗೆ ನನಗೆ ರೂಢಿಯಾಗಿಹೋಗಿತ್ತು. ಚಟ್ನಿಗೆ ಒಗ್ಗರಣೆ ಹಾಕಿದೆ, ಅವರಿಗೆ ಡಬ್ಬಿ ಕಟ್ಟಿದೆ, ಸೀರೆ ಉಟ್ಟು ಕೆಲಸಕ್ಕೆ ಹೋದೆ.

ಕೆಲಸ ಎಂದರೆ ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್. ಜಮೀನು ಭಾಗ ಮಾಡುವ ಪೋಡಿ, ಖಾತೆ ಬದಲಾವಣೆ, ವಂಶವೃಕ್ಷ, ಏನು ಬೇಕೋ ಅದಕ್ಕೆ ಅರ್ಜಿ ಹೊಡೆದುಕೊಡುತ್ತೇನೆ. “ಮಾನ್ಯರೇ” ಎಂದು ದಿನಕ್ಕೆ ಎಷ್ಟು ಸಲ ಹೊಡೆಯುತ್ತೇನೋ ಆ ಕೀಬೋರ್ಡಿಗೇ ಗೊತ್ತು. ಓದಿದ್ದು ಮಂಡ್ಯದ ಪಾಲಿಟೆಕ್ನಿಕ್‌ನಲ್ಲಿ, ಎಲೆಕ್ಟ್ರಾನಿಕ್ಸ್. ಕಂಪ್ಯೂಟರಿನಲ್ಲಿ ಸಂಗೀತ ಮಾಡುವ ಹುಚ್ಚು ಹತ್ತಿದ್ದು ಅಲ್ಲೇ. ಶ್ರುತಿಪೆಟ್ಟಿಗೆ, ತಬಲ, ಗುರು ಯಾವುದೂ ಇಲ್ಲದ ಸಂಗೀತ. ಮೊಬೈಲಿನಲ್ಲಿ ಸದ್ದು ಹಿಡಿದುಕೊಂಡು ಬಂದು, ಕಂಪ್ಯೂಟರಿಗೆ ತುಂಬಿ, ಎಳೆದು, ಕತ್ತರಿಸಿ, ಮತ್ತೆ ಜೋಡಿಸುವುದು. ನನ್ನ ತವರು ದುದ್ದದ ಕಡೆ. ಅಲ್ಲಿನ ಆಲೆಮನೆಯ ಗಾಣದ ಎಂಜಿನ್ನು, ಅಂಗಡಿಯ ಜೆರಾಕ್ಸ್ ಮಷಿನ್ನು, ಬೋರ್‌ವೆಲ್ಲಿನ ಸ್ಟಾರ್ಟರು, ಯಾವುದನ್ನೂ ನಾನು ಬಿಟ್ಟಿಲ್ಲ. ನಮ್ಮ ಮನೆಯವರು ಕರೆಂಟ್ ಲೈನ್‌ಮನ್. ಮದುವೆಯಾದ ಹೊಸದರಲ್ಲಿ ನನ್ನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗಿ, ಯಾವ ಟ್ರಾನ್ಸ್‌ಫಾರ್ಮರ್ ಚೆನ್ನಾಗಿ ಗುಂಯ್‌ಗುಡುತ್ತದೆ ಎಂದು ಒಂದೊಂದಾಗಿ ತೋರಿಸಿದ್ದರು. ಹೆಂಡತಿಗೆ ಮೈಸೂರು ತೋರಿಸುವವರುಂಟು. ನಮ್ಮವರು ಟ್ರಾನ್ಸ್‌ಫಾರ್ಮರ್ ತೋರಿಸಿದರು.

ಅತ್ತೆ ಊರಿಂದ ಬಂದಾಗ ಒಮ್ಮೆ ನನ್ನ ಸಂಗೀತ ಕೇಳಿ ಮುಖ ಸಿಂಡರಿಸಿದ್ದರು.

“ಅದೇನಮ್ಮಿ ಅದು, ಮಿಸೀನು ಕೆಟ್ಟೋದಂಗೆ ಕುಯ್ಯೋ ಅಂತದೆ? ಆಡು ಅಂದ್ಮೇಕೆ ಒಂದು ಪದ ಬ್ಯಾಡ್ವಾ?”

ನನಗೆ ನಗು ಬಂದಿತ್ತು. ಇಂಟರ್ನೆಟ್ಟಿನಲ್ಲಿ ಕೇಳಿ ಎಲ್ಲೋ ದೂರದೇಶದವರು “ಬಹಳ ಕುತೂಹಲಕರ” ಎಂದು ನಾಜೂಕಾಗಿ ಬರೆಯುತ್ತಿದ್ದುದಕ್ಕಿಂತ ಅತ್ತೆಯ ವಿಮರ್ಶೆಯೇ ವಾಸಿ ಅನ್ನಿಸಿತ್ತು.

ಮಾಡಿದ್ದನ್ನೆಲ್ಲ ಇಂಟರ್ನೆಟ್ಟಿಗೆ ಹಾಕುತ್ತಿದ್ದೆ, ಮುಕ್ತ ಪರವಾನಗಿಯಲ್ಲಿ. ಹಾಗೆಂದರೆ, ಇದನ್ನು ಯಾರು ಬೇಕಾದರೂ ತೆಗೆದುಕೊಳ್ಳಬಹುದು, ಎಲ್ಲಿ ಬೇಕಾದರೂ ನುಡಿಸಬಹುದು, ಬದಲಾಯಿಸಬಹುದು, ನನ್ನನ್ನು ಕೇಳಬೇಕಾಗಿಲ್ಲ ಎಂದು ಮೊದಲೇ ಬರೆದುಕೊಡುವುದು. ಒಂದೇ ಷರತ್ತು, ಮಾಡಿದವರ ಹೆಸರು ಹಾಕಬೇಕು. ಅಂಗಡಿಯ ಓನರ್ ಅಕ್ಕ, “ಪುಕ್ಸಟ್ಟೆ ಯಾಕೆ ಕೊಡ್ತೀಯೇ, ನಿನಗೇನು ತಲೆ ಕೆಟ್ಟದಾ?” ಎಂದು ಬೈದಿದ್ದುಂಟು. ಅಲ್ಲ, ನಾನು ಕಲಿತ ಸಾಫ್ಟ್‌ವೇರೂ ಯಾರೋ ಹಾಗೇ ಕೊಟ್ಟದ್ದು. ಮುಖ ನೋಡದವರ ಹತ್ತಿರ ಕಲಿತು ಮುಖ ನೋಡದವರಿಗೆ ಕೊಡುವುದರಲ್ಲಿ ನನಗೆ ಯಾವ ನಷ್ಟವೂ ಕಂಡಿರಲಿಲ್ಲ. ಒಂದು ಸಲ ಯಾವುದೋ ದೇಶದವರು ನಮ್ಮ ಆಲೆಮನೆಯ ಎಂಜಿನ್ ಸದ್ದನ್ನು ತಗೊಂಡು, ನಿಧಾನ ಮಾಡಿ, ಪಿಟೀಲು ಸೇರಿಸಿ, ಕೆಳಗೆ ನನ್ನ ಹೆಸರು ಹಾಕಿದ್ದರು. ಆ ಒಂದು ಸಾಲನ್ನು ಹತ್ತು ಸಲ ಓದಿದ್ದೆ. ಅವತ್ತೆಲ್ಲ ನೆಲದ ಮೇಲೆ ಕಾಲಿರಲಿಲ್ಲ.

ಆಮೇಲೆ ಬಸುರಿಯಾದೆ. ಆರನೇ ತಿಂಗಳ ತಪಾಸಣೆಗೆ ಹೋದಾಗ ಸಿಸ್ಟರ್ ಹೊಟ್ಟೆಯ ಮೇಲೆ ಜೆಲ್ ಸವರಿ, ಎದೆಬಡಿತ ಕೇಳುವ ಸಣ್ಣ ಮಷಿನ್ ಒತ್ತಿದರು. ಮೊದಲು ಬರೀ ಗೊರಗೊರ. ಆಮೇಲೆ ಸಿಕ್ಕಿತು. “ಕುದುರೆ ಓಡ್ದಂಗೆ ಕೇಳ್ತದಲ್ವಾ?” ಎಂದರು ಸಿಸ್ಟರ್. ನನಗೆ ಮೊರದಲ್ಲಿ ರಾಗಿ ಕೇರಿದ ಹಾಗೆ ಕೇಳಿಸಿತು, ಅದೂ ಅವಸರದವಳು ಕೇರಿದ ಹಾಗೆ. “ಸಿಸ್ಟರ್, ರೆಕಾರ್ಡ್ ಮಾಡ್ಕೊಳ್ಳಾ?” ಎಂದೆ. “ಮಾಡ್ಕೊಳಮ್ಮ, ಅದಕ್ಕೇನು,” ಎಂದು ಅವರು ಮಷಿನ್ನನ್ನು ಇನ್ನೂ ಎರಡು ನಿಮಿಷ ಹಿಡಿದೇ ಇದ್ದರು. ಒಳಗೆ ಗಂಡಸರನ್ನು ಬಿಡುತ್ತಿರಲಿಲ್ಲ. ಇವರು ಹೊರಗೆ ಬೇವಿನ ಮರದ ಕೆಳಗಿದ್ದರು. ಮನೆಗೆ ಬಂದ ಮೇಲೆ ಕೇಳಿಸೋಣ ಅಂದುಕೊಂಡೆ. ದಾರಿಯಲ್ಲೇ ಎಲ್ಲೋ ಲೈನ್ ಕಟ್ಟಾಗಿದೆ ಎಂದು ಫೋನ್ ಬಂತು, ನನ್ನನ್ನು ಮನೆ ಬಾಗಿಲಲ್ಲಿ ಇಳಿಸಿ ಹೋದರು. ಆಮೇಲೆ ನಾಳೆ, ನಾಡಿದ್ದು. ಹುಟ್ಟೋ ಮಗು ಎಲ್ಲಿಗೆ ಹೋಗುತ್ತದೆ ಅನ್ನುವ ಧೈರ್ಯ ನಮಗಿಬ್ಬರಿಗೂ.

ಎಂಟನೇ ತಿಂಗಳಲ್ಲಿ ಒಂದು ದಿನ ಮಗು ಒದೆಯಲಿಲ್ಲ. ಮಂಡ್ಯಕ್ಕೆ ಹೋದೆವು. ಹೊಕ್ಕುಳಬಳ್ಳಿ ಕುತ್ತಿಗೆಗೆ ಸುತ್ತಿಕೊಂಡಿತ್ತಂತೆ. ಯಾರ ತಪ್ಪೂ ಅಲ್ಲ ಎಂದರು, ನಿಜವಾಗಿಯೂ ಯಾರ ತಪ್ಪೂ ಅಲ್ಲ. ಯಾರದಾದರೂ ತಪ್ಪಿದ್ದಿದ್ದರೆ ಅವರನ್ನು ಬೈದುಕೊಂಡಾದರೂ ಇರಬಹುದಿತ್ತು. ಹೆರಿಗೆಯಾಯಿತು. ಹೆಣ್ಣು ಎಂದು ಆಯಾ ಹೇಳಿದಳು.

ನಮ್ಮ ಕಡೆ ಇಂಥ ಮಗುವನ್ನು ತಾಯಿಗೆ ತೋರಿಸುವುದಿಲ್ಲ. ಕಣ್ಣಿಗೆ ಬಿದ್ದರೆ ಮುಂದಿನ ಬಸುರಿಗೆ ಕೇಡು ಅನ್ನುತ್ತಾರೆ. ಬಿಳಿ ಬಟ್ಟೆಯಲ್ಲಿ ಸುತ್ತಿ, ಮನೆಯ ಗಂಡಸರು ತಗೊಂಡು ಹೋಗಿ ಹೊಲದ ಬದುವಿನಲ್ಲಿ ಮಣ್ಣು ಮಾಡಿ ಬರುತ್ತಾರೆ. ಇವರೂ ಇವರ ಅಣ್ಣನೂ ಹಲಗೂರಿನ ಕಡೆಯ ತಮ್ಮ ಊರಿಗೆ ತಗೊಂಡು ಹೋದರು. ಮಣ್ಣಿನ ಮೇಲೆ ಹಾಲುತುಪ್ಪ ಬಿಡುವುದಿಲ್ಲ, ತಿಥಿ ಇಲ್ಲ, ಮಾರ್ನಮಿಯಲ್ಲಿ ಸತ್ತವರಿಗೆ ಇಡುವ ಎಡೆ ಇಲ್ಲ. ಹೆಸರಂತೂ ಇಲ್ಲವೇ ಇಲ್ಲ. ಉಸಿರಾಡದ್ದಕ್ಕೆ ಹೆಸರೇನು?

ಅತ್ತೆ ನನ್ನ ತಲೆ ಬಾಚುತ್ತಾ, “ಅಳಬ್ಯಾಡ ಕಣವ್ವ. ಅತ್ತಷ್ಟೂ ಅದು ತಿರುಗಿ ನೋಡ್ತದೆ. ಇರ್ನಿಲ್ಲ ಅಂದ್ಕೊಬುಡು,” ಎಂದರು. ಅವರದು ಕೆಟ್ಟ ಮನಸ್ಸಲ್ಲ. ಅವರಿಗೂ ಒಂದು ಹೀಗೇ ಹೋಗಿತ್ತಂತೆ, ಯಾರೋ ಅವರಿಗೂ ಹೀಗೇ ಹೇಳಿದ್ದರಂತೆ. ನಾನು ಅಳಲಿಲ್ಲ. ಅವರ ಮಾತಿಗೆ ಬೆಲೆ ಕೊಟ್ಟು ಅಲ್ಲ, ಬರಲೇ ಇಲ್ಲ. ಹಲ್ಲು ಕೀಳುವ ಡಾಕ್ಟರ್ ಚುಚ್ಚುತ್ತಾರಲ್ಲ, ಆಮೇಲೆ ಕೆನ್ನೆ ಮುಟ್ಟಿಕೊಂಡರೂ ಬೇರೆಯವರ ಕೆನ್ನೆಯಂತಿರುತ್ತದಲ್ಲ, ಮೈಯೆಲ್ಲ ಹಾಗಿತ್ತು. ಇವರದೂ ಹಾಗೇ. ಬೂಟು ಬಿಚ್ಚುವುದು, ಊಟ, ನ್ಯೂಸ್, ನಿದ್ದೆ. ಎಲ್ಲಿ ಮಣ್ಣು ಮಾಡಿದಿರಿ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಎಂಟು ತಿಂಗಳು ನನ್ನೊಳಗಿದ್ದವಳನ್ನು ಇದ್ದಳು ಎಂದು ಬಾಯಿಬಿಟ್ಟು ಹೇಳುವ ಒಬ್ಬರೂ ಭೂಮಿಯ ಮೇಲಿಲ್ಲವಲ್ಲ ಎಂದು ಒಂದೊಂದು ಸಲ ಸಿಟ್ಟು ಬರುತ್ತಿತ್ತು. ಹೇಳಬೇಕಾದವರು ಇವರು ಎಂದೂ ಅನ್ನಿಸುತ್ತಿತ್ತು. ಅದೂ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ.

ಕೆಲಸಕ್ಕೆ ಮತ್ತೆ ಹೋಗತೊಡಗಿ ಎರಡು ವಾರವಾಗಿತ್ತು. ಒಂದು ಭಾನುವಾರ ಮಧ್ಯಾಹ್ನ ಇವರು ಡ್ಯೂಟಿಗೆ ಹೋಗಿದ್ದರು. ಮೊಬೈಲಿನ ಆ ಎರಡು ನಿಮಿಷವನ್ನು ಕಂಪ್ಯೂಟರಿಗೆ ಹಾಕಿದೆ. ಕತ್ತರಿಸಲಿಲ್ಲ, ಎಳೆಯಲಿಲ್ಲ. ಎಷ್ಟು ಬೇಗ ಬಡಿಯುತ್ತಿತ್ತೋ ಅಷ್ಟೇ ಬೇಗ ಬಿಟ್ಟೆ. ಮೊದಲ ಸಲ ನಾನು ತಾಳಕ್ಕೆ ಸದ್ದನ್ನು ಹೊಂದಿಸದೆ ಸದ್ದಿಗೆ ತಾಳವನ್ನು ಹೊಂದಿಸಿದೆ. ಕೆಳಗೆ ಒಂದು ಟ್ರಾನ್ಸ್‌ಫಾರ್ಮರಿನ ಗುಂಯ್, ಮೇಲೆ ನಾಲ್ಕೇ ನಾಲ್ಕು ಸ್ವರ, ಹೋಗಿ ಬಂದು ಹೋಗಿ ಬಂದು. ಸಂಜೆಗೆ ಮುಗಿಯಿತು. ಕೇಳಿದರೆ ದುಃಖದ್ದು ಅನ್ನಿಸುತ್ತಿರಲಿಲ್ಲ. ಎದೆಬಡಿತ ಅಷ್ಟು ಚುರುಕಾಗಿರುವಾಗ ಅದು ದುಃಖದ್ದು ಹೇಗಾಗುತ್ತದೆ?

ಎಂದಿನಂತೆ ಇಂಟರ್ನೆಟ್ಟಿಗೆ ಹಾಕಿದೆ. ಮಾಡಿದ್ದನ್ನು ಹಾಕುವುದು ಅಭ್ಯಾಸ, ಹಾಕಿದೆ. ಊರು ಎಂದಿದ್ದಲ್ಲಿ ಯಾವತ್ತೂ ಖಾಲಿ ಬಿಡುತ್ತಿದ್ದವಳು ಅವತ್ತು ಮಂಡ್ಯ ಜಿಲ್ಲೆ ಎಂದು ಬರೆದೆ. ಪರವಾನಗಿಯ ಜಾಗದಲ್ಲಿ ಅದೇ ಹಳೆಯದನ್ನು ಒತ್ತಿದೆ, ಯಾರು ಬೇಕಾದರೂ ತಗೊಳ್ಳಿ, ಹೆಸರು ಹಾಕಿ. ಯಾರ ಹೆಸರು ಎಂದು ಕೇಳಿತು. ನನ್ನ ಹೆಸರು ಹೊಡೆದು ಅಳಿಸಿದೆ. ಬಡಿದದ್ದು ನಾನಲ್ಲವಲ್ಲ. ಖಾಲಿ ಬಿಟ್ಟರೆ ಮುಂದಕ್ಕೆ ಹೋಗುತ್ತಿರಲಿಲ್ಲ. ಒಂದು ಚುಕ್ಕೆ ಇಟ್ಟು ಒತ್ತಿದೆ. ಅದು ಚುಕ್ಕೆಯನ್ನು ಒಪ್ಪಿಕೊಂಡಿತು.

ಅದು ಕಸದ ಗಾಡಿಗೆ ಹತ್ತಿದ ಕಥೆ ನನಗೆ ಆಮೇಲೆ ಗೊತ್ತಾಯಿತು. ನಮ್ಮ ಜಿಲ್ಲೆಯಲ್ಲಿ ಹೀರೋಗಳ ಅಭಿಮಾನ ಎಂಥದ್ದು ಎಂದು ಬೇರೆಯವರಿಗೆ ಹೇಳಿ ತಿಳಿಸಲಾಗುವುದಿಲ್ಲ. ಗಾಡಿಯಲ್ಲಿ ಒಬ್ಬ ಹೀರೋನ ಹಾಡು ಹಾಕಿದರೆ ಇನ್ನೊಬ್ಬರ ಕಡೆಯವರು, “ನಮ್ ಬಾಸ್ ಆಡು ಯಾಕಾಕಲ್ಲ?” ಎಂದು ಅಡ್ಡ ನಿಲ್ಲುವುದು. ಅವರದನ್ನು ಹಾಕಿದರೆ, “ನಮ್ ಬಾಸ್ ಆಡು ಕಸದ್ ಗಾಡಿಗಾ?” ಎಂದು ಅದೇ ಜನ ಮತ್ತೆ ಅಡ್ಡ ನಿಲ್ಲುವುದು. ಭಕ್ತಿಗೀತೆ ಹಾಕಿದರೆ ದೇವರ ಹೆಸರಲ್ಲಿ ಕಸವಾ ಎಂದು ಅಜ್ಜಿಯರ ತಕರಾರು. ಕಸದ ಗಾಡಿಗಳನ್ನು ನೋಡಿಕೊಳ್ಳುವ ಇನ್‌ಸ್ಪೆಕ್ಟರಿಗೆ ಸಾಕುಸಾಕಾಗಿ, ಯಾವ ಹೀರೋದೂ ಅಲ್ಲದ, ಯಾವ ದೇವರದೂ ಅಲ್ಲದ, ಹಕ್ಕಿನ ರಗಳೆಯೂ ಇಲ್ಲದ ಒಂದು ಸಂಗೀತ ಹುಡುಕು ಎಂದು ಆಫೀಸಿನ ಕಂಪ್ಯೂಟರ್ ಆಪರೇಟರಿಗೆ ಹೇಳಿದರಂತೆ. ಮುಕ್ತ ಪರವಾನಗಿಯ ಪಟ್ಟಿಯಲ್ಲಿ ಮಂಡ್ಯ ಜಿಲ್ಲೆ ಎಂದು ಕಂಡದ್ದು ನನ್ನದೊಂದೇ.

ಹಾಗೆ ದಿನಾ ಬೆಳಿಗ್ಗೆ ಬರತೊಡಗಿತು. ಎದುರು ಮನೆಯ ಪುಟ್ಟ ಹುಡುಗಿ ಅದಕ್ಕೆ ಗೇಟು ಹಿಡಿದು ಕುಣಿಯುತ್ತಿದ್ದಳು. ಹೆಂಗಸರು ಬಕೆಟ್ ಹಿಡಿದು ಅದರ ಮುಂದೆ ಸಾಲು ನಿಲ್ಲುತ್ತಿದ್ದರು. ಸೊಪ್ಪಿನ ಕಡ್ಡಿ, ಮೊಟ್ಟೆ ಸಿಪ್ಪೆ, ಮಕ್ಕಳ ಡೈಪರು. ನಾನು ಅಡುಗೆಮನೆಯಿಂದ ಆಚೆ ಬರುತ್ತಿರಲಿಲ್ಲ. ದಿನಾ ಇವರೇ ಬಕೆಟ್ ತಗೊಂಡು ಹೋಗುತ್ತಿದ್ದರು. ಒಂದು ದಿನ ಸ್ನಾನದ ಮನೆಯಲ್ಲಿ ಇವರು ಆ ನಾಲ್ಕು ಸ್ವರವನ್ನು ಗುನುಗುವುದು ಕೇಳಿಸಿತು. ಹೇಳಿಬಿಡಲೇ ಅನ್ನಿಸಿತು. ಏನೆಂದು ಹೇಳುವುದು? ಟವಲು ಬಾಗಿಲಿಗೆ ನೇತುಹಾಕಿ ಅಡುಗೆಮನೆಗೆ ಹೋದೆ.

ಒಂದು ತಿಂಗಳಾದ ಮೇಲೆ ಆ ಹಾಡಿನ ಪುಟದಲ್ಲಿ ಆ ಇನ್‌ಸ್ಪೆಕ್ಟರ ಆಫೀಸಿನಿಂದ ನನಗೊಂದು ಪತ್ರ ಬಂದಿತ್ತು. “ಮಾನ್ಯರೇ, ವಿಷಯ: ತಮ್ಮ ಸಂಗೀತದ ಬಳಕೆಗೆ ಹೆಸರು ಒದಗಿಸುವ ಕುರಿತು. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ತಮ್ಮ ಸಂಗೀತವನ್ನು ತ್ಯಾಜ್ಯ ಸಂಗ್ರಹಣಾ ವಾಹನದಲ್ಲಿ ಬಳಸಲಾಗುತ್ತಿದ್ದು, ಷರತ್ತಿನನ್ವಯ ಕರ್ತೃವಿನ ಹೆಸರನ್ನು ನಮೂದಿಸಬೇಕಾಗಿರುತ್ತದೆ. ಆದರೆ ಸದರಿ ಜಾಗದಲ್ಲಿ ಚುಕ್ಕೆ ಮಾತ್ರ ಕಂಡುಬಂದಿರುತ್ತದೆ.” ನಾನು ನಕ್ಕುಬಿಟ್ಟೆ. ಎಷ್ಟೋ ತಿಂಗಳಾಗಿತ್ತು ನಕ್ಕು. ಇಂಥ ಪತ್ರ ದಿನಕ್ಕೆ ಇಪ್ಪತ್ತು ಹೊಡೆಯುವವಳಿಗೆ ಕೊನೆಗೂ ಒಂದು ಬಂದಿತ್ತು.

ಮಾರನೇ ದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವರ ಆಫೀಸಿಗೆ ಹೋದೆ. ನಿಲ್ಲಿಸಿ ಎಂದು ಹೇಳಲೆಂದೇ ಹೋದದ್ದು. ಇನ್‌ಸ್ಪೆಕ್ಟರು ನಿವೃತ್ತಿಗೆ ಹತ್ತಿರವಾದವರು, ಮಳವಳ್ಳಿ ಕಡೆಯ ಮಾತು.

“ಓಹೋ, ನೀನೇನಮ್ಮ? ನಾನು ಯಾವನೋ ಕೂದ್ಲು ಬುಟ್ಕಂಡಿರೋನು ಇರ್ಬೇಕು ಅನ್ಕಂಡಿದ್ದೆ.”

“ಸಾರ್, ಅದನ್ನ ಗಾಡಿಲಿ ಹಾಕೋದು ನಿಲ್ಲಿಸಬೇಕು,” ಎಂದೆ.

“ಯಾಕಮ್ಮ? ಯಾರ್ ಬೇಕಾದ್ರೂ ತಗೋಬೌದು ಅಂತ ನೀನೇ ಬರ್ದಿದ್ದೀಯಲ್ಲ.” ಅವರು ಫೈಲು ತೆಗೆದು ತೋರಿಸಿದರು. ಪರವಾನಗಿಯನ್ನು ಪ್ರಿಂಟ್ ಹಾಕಿಸಿ, ಕೆಂಪು ಪೆನ್ನಿನಲ್ಲಿ ಅಡಿಗೆರೆ ಎಳೆದು, ಟ್ಯಾಗ್ ಹಾಕಿ ಇಟ್ಟಿದ್ದರು. ಇಷ್ಟು ವರ್ಷದಲ್ಲಿ ಅದನ್ನು ಪೂರ್ತಿ ಓದಿದ ಮನುಷ್ಯ ನನಗೆ ಕಂಡದ್ದು ಇವರೊಬ್ಬರೇ. ಅವರು ನನ್ನ ಮುಖ ನೋಡಿ ಫೈಲು ಮುಚ್ಚಿದರು.

“ಬಲವಂತ ಇಲ್ಲ ಕಣಮ್ಮ. ನೀನು ಬ್ಯಾಡ ಅಂದ್ರೆ ನಾಳೆಯಿಂದ ಆಕಲ್ಲ. ಬೇಕು ಅಂದ್ರೆ ಒಂದು ಎಸ್ರು ಕೊಡು, ಗಾಡಿ ಮ್ಯಾಲೆ ಬರಸ್ತೀನಿ. ಎಸ್ರಿಲ್ದೆ ಓಡ್ಸೋದು ನನ್ಗೂ ಸರಿ ಕಾಣ್ನಿಲ್ಲ. ಎರಡ್ರಲ್ಲಿ ಒಂದು ಏಳು.”

ಬೇಡ ಅಂದರೆ ಮುಗಿಯುತ್ತಿತ್ತು. ಅವಳು ನನ್ನ ಮೊಬೈಲಿನೊಳಗೆ ಎರಡು ನಿಮಿಷವಾಗಿ ಉಳಿಯುತ್ತಿದ್ದಳು, ಆ ಮೊಬೈಲ್ ಕೆಡುವತನಕ. ಬೇಕು ಅಂದರೆ ಹೆಸರಿಡಬೇಕು. ಇಟ್ಟರೆ ಬೀದಿಯಲ್ಲಿ ಕಾಣುತ್ತದೆ. ಬೀದಿಯಲ್ಲಿ ಕಂಡರೆ ಇವರಿಗೂ ಕಾಣುತ್ತದೆ. ಹೆಸರಿಡಬಾರದ್ದಕ್ಕೆ ಹೆಸರಿಟ್ಟು, ಅದನ್ನೂ ಕಸದ ಗಾಡಿಯ ಮೇಲೆ ಬರೆಸಿದ ಹೆಂಡತಿಯನ್ನು ಯಾವ ಗಂಡ ಸಹಿಸುತ್ತಾನೋ ಗೊತ್ತಿರಲಿಲ್ಲ. ಬೇಡ ಸಾರ್ ಎನ್ನಲು ಬಾಯಿ ತೆಗೆದೆ, ಒಂದು ಹೆಸರು ಬಂತು. ಅದನ್ನು ನಾನು ಮೊದಲು ಯೋಚಿಸಿದ್ದೂ ಅಲ್ಲ. ಮೂರಕ್ಷರದ್ದು. ಇಲ್ಲಿ ಬರೆಯುವುದಿಲ್ಲ.

ಅವರು ಬರೆದುಕೊಂಡು, “ಇನಿಷಿಯಲ್ಲು?” ಎಂದರು.

“ಸಾರ್?”

“ಬರೀ ಎಸ್ರಾದ್ರೆ ಎಂಗಮ್ಮ. ಊರು, ತಂದೆ ಎಸ್ರು, ಅದ್ರ ಅಕ್ಷರ ಏಳು. ದಾಖಲೆ ಅಂದ್ಮೇಲೆ ಸರ್ಯಾಗಿರ್ಬೇಕು.”

ಇವರ ಊರಿನ ಅಕ್ಷರ ಹೇಳಿದೆ. ಇವರ ಹೆಸರಿನ ಅಕ್ಷರ ಹೇಳಿದೆ.

“ಯಾರಮ್ಮ ಈ ಉಡುಗಿ?”

“ನನ್ನ ಮಗಳು,” ಎಂದೆ. ಆ ಎರಡು ಪದ ನನ್ನ ಬಾಯಿಂದ ಅದೇ ಮೊದಲ ಸಲ ಹೊರಗೆ ಬಂದದ್ದು.

“ಓ, ಎಷ್ಟ್ನೇ ಕ್ಲಾಸು?”

“ಇನ್ನೂ ಸ್ಕೂಲಿಗೆ ಸೇರಿಸಿಲ್ಲ ಸಾರ್.”

“ಈಗಿನ್ ಮಕ್ಳು ಬುಡು, ಉಟ್ತಾನೇ ಕಂಪ್ಯೂಟ್ರು,” ಎಂದು ನಕ್ಕು ಸಹಿ ಹಾಕಿದರು. ನಾನು ನಮಸ್ಕಾರ ಹೇಳಿ ಅಂಗಡಿಗೆ ಬಂದು ಒಂದು ವಂಶವೃಕ್ಷ ಟೈಪ್ ಮಾಡಿದೆ.

ಮೂರು ದಿನ ಬಿಟ್ಟು ಗಾಡಿ ಹೊಸ ಬಣ್ಣದ ಅಕ್ಷರ ಹೊತ್ತು ಬಂತು. ಹಿಂದುಗಡೆ “ಹಸಿ ಕಸ ಒಣ ಕಸ ಬೇರ್ಪಡಿಸಿ ಕೊಡಿ” ಎಂದಿದ್ದುದರ ಕೆಳಗೆ “ಸಂಗೀತ” ಎಂದು ಬರೆದು, ಎರಡು ಅಕ್ಷರ, ಆಮೇಲೆ ಅವಳ ಹೆಸರು. ನಾನು ಕಿಟಕಿಯಲ್ಲಿ ನಿಂತಿದ್ದೆ, ಕೈಯಲ್ಲಿ ಸೌಟು. ಇವರು ಬಕೆಟ್ ಎತ್ತಿ ಇನ್ನೇನು ಸುರಿಯಬೇಕು, ಓದಿದರು. ಮತ್ತೆ ಓದಿದರು, ಈ ಸಲ ತುಟಿ ಅಲ್ಲಾಡಿತು. ಗಾಡಿ ಓಡಿಸುವ ಹೆಂಗಸು, “ಆಕಣ್ಣ, ಒತ್ತಾಯ್ತದೆ,” ಎಂದಳು. ಇವರು ಹಸಿ ಕಸವನ್ನೆಲ್ಲ ಒಣ ಕಸದ ಕಡೆಗೆ ಸುರಿದರು. ಅವಳು ಬೈದಳು. ಇವರಿಗೆ ಕೇಳಿಸಿದಂತಿರಲಿಲ್ಲ.

ಖಾಲಿ ಬಕೆಟ್ ಹಿಡಿದುಕೊಂಡೇ ಅಡುಗೆಮನೆಗೆ ಬಂದರು.

“ಏನೇ ಅದು? ನಮ್ಮೂರಿನ್ ಅಕ್ಸರ, ನನ್ ಎಸ್ರಿನ್ ಅಕ್ಸರ. ಆಮೇಲೆ ಒಂದು ಎಣ್ಣೆಸ್ರು. ಯಾರ್ದೇ?”

ನಾನು ಸ್ಟವ್ ಆರಿಸಿದೆ. ಸುತ್ತಿಬಳಸಿ ಹೇಳುವ ಶಕ್ತಿ ಇರಲಿಲ್ಲ. “ನಮ್ಮ ಮಗಳದು ಕಣ್ರೀ. ನಾನೇ ಇಟ್ಟೆ. ಆ ಹಾಡು ನಾನು ಮಾಡಿದ್ದು. ಅದರಲ್ಲಿ ಬಡಿಯೋದು ಡೋಲಲ್ಲ, ಅವಳ ಎದೆ. ಆರನೇ ತಿಂಗಳಲ್ಲಿ ಸಿಸ್ಟರ್ ನನಗೆ ಕೇಳಿಸಿದ್ರು, ಅವತ್ತು ಮೊಬೈಲಲ್ಲಿ ಹಿಡ್ಕೊಂಡಿದ್ದೆ.”

ಬೈಯುತ್ತಾರೆ ಅಂದುಕೊಂಡೆ. ಬೈಯಲಿ ಎಂದೂ ಅಂದುಕೊಂಡೆ.

“ಕಸದ್ ಗಾಡೀಲೇನೇ?” ಎಂದರು, ಬಹಳ ಮೆಲ್ಲಗೆ.

“ಬೇಡ ಅಂದ್ರೆ ನಿಲ್ಲಿಸ್ತಾರೆ. ಇವತ್ತೇ ಹೋಗಿ ಹೇಳ್ತೀನಿ.”

ಅವರು ಕೈಯೆತ್ತಿ ಸುಮ್ಮನಿರು ಎಂದು ಸನ್ನೆ ಮಾಡಿದರು. ಗಾಡಿ ಹಿಂದಿನ ಬೀದಿಗೆ ಹೋಗಿತ್ತು, ಅಲ್ಲಿಂದ ಕೇಳಿಸುತ್ತಿತ್ತು. ಅವರು ಹಿತ್ತಲ ಬಾಗಿಲಿನ ಮೆಟ್ಟಿಲ ಮೇಲೆ ಕೂತು ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ಕೇಳಿದರು. ನಾನು ಅವರ ಪಕ್ಕ ಕೂತೆ. ಯಾರದೋ ಮನೆ ಮುಂದೆ ಗಾಡಿ ಬಹಳ ಹೊತ್ತು ನಿಂತಿತು, ನಿಂತದ್ದು ಒಳ್ಳೆಯದಾಯಿತು. ಇವರ ಭುಜ ಅದುರತೊಡಗಿತು. ಅದನ್ನು ನೋಡಿದ್ದೇ ನನಗೂ ಅಳು ಬಂತು, ಅಷ್ಟು ತಿಂಗಳು ಎಲ್ಲಿತ್ತೋ, ಸೆರಗು ಕಚ್ಚಿಕೊಂಡರೂ ನಿಲ್ಲಲಿಲ್ಲ.

“ಚೆನ್ನಾಗೇ ಒಡ್ಕತಿತ್ತು ಅಲ್ವೇನೇ?” ಎಂದರು.

“ಹೂಂ ಕಣ್ರೀ,” ಎಂದೆ. “ಚೆನ್ನಾಗೇ ಹೊಡ್ಕತಿತ್ತು.”